ಮೀಸೆ ತೋರಿಸಿದ ಪರದೆ

ಬಿಡಿಸುತ್ತಿದ್ದ ಮನೆಯ ನಕ್ಷೆ ಪಕ್ಕದಲ್ಲಿ ಆಗಷ್ಟೇ ಜೋಡಿಸಿದ ಹೊಸ ಮಾನಿಟರಿಗೆ ಜಿಗಿದು ಲ್ಯಾಪ್‌ಟಾಪಿನ ಪರದೆ ಕಪ್ಪಾದದ್ದೇ ತಡ, ಅದರಲ್ಲಿ ತನ್ನದೇ ಮುಖ ಕಂಡು ಅಕ್ಕನ ಮೈ ಉರಿಯಿತು. “ಆಫ್ ಆದ್ರೂ ಮುಖ ತೋರ್ಸುತ್ತಲ್ಲೋ! ಇದನ್ನ ಮಾಡಿದ್ದು ಆಫೀಸಿಗಾ, ಕ್ಷೌರದಂಗಡಿಗಾ? ಮನೆ ನಕ್ಷೆ ಬಿಡಿಸೋಕೆ ಕೂತ್ರೆ ಟ್ಯೂಬ್‌ಲೈಟೇ ಬಂದು ಅಡುಗೆಮನೆ ಮಧ್ಯ ಮಲಗುತ್ತೆ.”

“ನಂದೂ ಇದೇ ಮಾಡೆಲ್ ಅಲ್ವೇನಕ್ಕಾ? ಪರದೆ ಒಂದು ಬಿಟ್ರೆ ಬಂಗಾರದಂಥ ಲ್ಯಾಪ್‌ಟಾಪು,” ಎಂದ ತಮ್ಮ. ಇಬ್ಬರಿಗೂ ಆರಿಸಿ ತಂದವನು ಅವನೇ.

“ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತೆ!” ಎನ್ನುತ್ತಾ ಅಕ್ಕ ಅದನ್ನು ಮುಚ್ಚಿಡಲು ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು.

ಆ ಕಪ್ಪು ಪರದೆಯಲ್ಲಿ, ಅವಳ ಹೆಗಲ ಹಿಂದೆ, ಆರಾಮಕುರ್ಚಿಯಲ್ಲಿದ್ದ ಅಪ್ಪ ಕಾಣುತ್ತಿದ್ದರು. ಕನ್ನಡಿ ಕಂಡಲ್ಲೆಲ್ಲ ಮೀಸೆ ತಿರುವುವುದು ಅವರ ಹುಟ್ಟುಗುಣ. ಈಗಲೂ ತಿರುವುತ್ತಿದ್ದರು, ಎರಡೂ ಕೈಯಿಂದ. ಲಕ್ವ ಹೊಡೆದ ಮೇಲೆ ಎಂಟು ತಿಂಗಳಿಂದ ತೊಡೆ ಬಿಟ್ಟು ಮೇಲೇಳದ ಎಡಗೈ ನಡುಗುತ್ತ ನಡುಗುತ್ತ ಮೀಸೆಯ ತುದಿ ಹಿಡಿದಿತ್ತು.

“ಮುಚ್ಬೇಡ ಕಣೇ,” ಎಂದರು ಅಪ್ಪ, ಪರದೆಯಿಂದ ಕಣ್ಣು ಕೀಳದೆ. “ಸ್ವಲ್ಪ ಪಕ್ಕಕ್ಕೆ ಸರಿ. ಎಡಗಡೆ ಮೀಸೆ ಕಾಣ್ತಿಲ್ಲ.”