ಫೋನಿನಲ್ಲಿ ಹೇಳಿದ ಲೆಕ್ಕ

"ಒಂದು ಪ್ಲಸ್ ಸೈನ್ ಎಕ್ಸ್ ಬೈ ಕಾಸ್ ಎಕ್ಸ್," ಎಂದ ಹಾಪಾಯ್ ದ್ವೀಪದ ಹುಡುಗ ಫೋನಿನಲ್ಲಿ. ರಾಜಧಾನಿ ನುಕುಅಲೋಫಾದ ಶಾಲೆಯಲ್ಲಿ ವೈಮೋಆನಾ ಟೀಚರ್ ಕೇಳಿದಂತೆಯೇ ಹಲಗೆಯ ಮೇಲೆ ಬರೆದರು: ಒಂದು ಬೇರೆ, ಅದರ ಪಕ್ಕದಲ್ಲಿ ಸೈನ್ ಬೈ ಕಾಸ್ ಬೇರೆ. ನಾಲ್ಕು ಸಾಲು ಮುಗಿದರೂ, ಸಾಧಿಸಬೇಕಿದ್ದಂತೆ ಎಡಭಾಗ ಬಲಭಾಗಕ್ಕೆ ಸಮವಾಗಲಿಲ್ಲ.

"ಅವನ ತಲೇಲಿ ಸರಿಯಾಗೇ ಇತ್ತು ಅಕ್ಕ. ಆ ಒಂದನ್ನೂ ಭಿನ್ನರಾಶಿ ಗೆರೆ ಮೇಲೆ ಹಾಕಿದ್ರೆ ಆಗ್ತಿತ್ತು," ಎಂದ ಸಹಶಿಕ್ಷಕ ಫೆಲೆಟಿ.

"ಅವನ ತಲೆ ನಂಗೆ ಕಾಣಲ್ಲ ಕಣಪ್ಪ. ಹಲಗೆ ಕಾಣುತ್ತೆ."

ಗಾಳಿಗೆ ಹಡಗು ಹೊರಡದೆ ದೂರದ ದ್ವೀಪಗಳ ಮಕ್ಕಳಿಗೆ ಆಯ್ಕೆ ಪರೀಕ್ಷೆ ಫೋನಿನಲ್ಲೇ ನಡೆದಿತ್ತು. ರಾಜಧಾನಿಯ ವಿಶೇಷ ಗಣಿತ ತರಗತಿಯಲ್ಲಿ ಉಳಿದಿದ್ದುದು ಒಂದೇ ಸೀಟು. ನಿಯಮವೂ ಒಂದೇ: ಕಿವಿಗೆ ಬಿದ್ದಷ್ಟನ್ನೇ ಬರೆಯುವುದು.

ಮುಂದಿನವಳು ವವಾಉ ದ್ವೀಪದ ಕಲೊಲೈನೆ. "ಎಡಭಾಗ ಮಾತ್ರ ತಗೋತೀನಿ ಟೀಚರ್, ಬಲಭಾಗ ಮುಟ್ಟಲ್ಲ. ಉದ್ದ ಗೆರೆ ಎಳೀರಿ. ಗೆರೆ ಮೇಲೆ ಒಂದು ಪ್ಲಸ್ ಸೈನ್ ಎಕ್ಸ್. ಕೆಳಗೆ ಕಾಸ್ ಎಕ್ಸ್. ಭಿನ್ನರಾಶಿ ಮುಗೀತು. ಈಗ ಮೇಲೂ ಕೆಳಗೂ ಗುಣಿಸ್ತೀನಿ: ಬ್ರಾಕೆಟ್ ತೆರೀರಿ, ಒಂದು ಮೈನಸ್ ಸೈನ್ ಎಕ್ಸ್, ಬ್ರಾಕೆಟ್ ಮುಚ್ಚಿ. ಕಾಸ್ ಎಕ್ಸ್ ಸೊನ್ನೆ ಅಲ್ಲ, ಹಾಗಾಗಿ ಇದೂ ಸೊನ್ನೆ ಆಗಲ್ಲ."

ಗೋಡೆಗೆ ಒರಗಿದ್ದ ಫೆಲೆಟಿ ನೆಟ್ಟಗೆ ನಿಂತ. ಸೀಮೆಸುಣ್ಣ ಎಲ್ಲೂ ತಡೆಯಲಿಲ್ಲ. ಅದರ ಪುಡಿ, ಅಲ್ಲಿನ ರೂಢಿಯಂತೆ ಟೀಚರ್ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿಕೊಂಡಿದ್ದ ಚಾಪೆಯ ಮೇಲೆ ಉದುರುತ್ತಿತ್ತು. "ವರ್ಗ ಇಡೀ ಸೈನ್ ಎಕ್ಸ್‌ದು, ಬರೀ ಎಕ್ಸ್‌ದಲ್ಲ," ಎಂದು ಒಮ್ಮೆ ಎಚ್ಚರಿಸಿದಳು ಹುಡುಗಿ. ಕೊನೆಯ ಸಾಲಿನಲ್ಲಿ ಬಲಭಾಗ ತಾನಾಗಿಯೇ ಬಂದು ನಿಂತಿತು.

"ಹೀಗೆ ಹೇಳೋದನ್ನ ಯಾರಮ್ಮ ಕಲಿಸಿದ್ದು?"

"ನನ್ನ ಪಕ್ಕ ಕೂರೋ ತೆಲೇಸಿಯಾ, ಟೀಚರ್. ಅವಳಿಗೆ ಕಣ್ಣು ಕಾಣಲ್ಲ, ಹಲಗೆ ಮೇಲಿರೋದನ್ನ ನಾನೇ ಓದಿ ಹೇಳ್ಬೇಕು. ಒಂದು ಬ್ರಾಕೆಟ್ ಬಿಟ್ರೆ ಸಾಕು, ಬೇರೇನೇ ಲೆಕ್ಕ ಮಾಡ್ಕೊಂಡು ಕೂತಿರ್ತಾಳೆ. ಅದನ್ನೂ ಸರಿಯಾಗೇ ಮಾಡಿರ್ತಾಳೆ! ಆಮೇಲೆ ಬೈಗುಳ ನಂಗೆ."

ಫೆಲೆಟಿ ಗಟ್ಟಿಯಾಗಿ ನಕ್ಕ.

"ಮುಂದಿನ ಸರದಿ ಅವಳದೇ ಟೀಚರ್. ಹೊರಗೆ ಕೂತಿದ್ದಾಳೆ. ನನಗಿಂತ ಚೆನ್ನಾಗಿ ಹೇಳ್ತಾಳೆ."

ಫೆಲೆಟಿಯ ನಗು ನಿಂತಿತು.

"ಇರೋದು ಒಂದೇ ಸೀಟು ಅಂತ ಗೊತ್ತಲ್ವಾ ನಿಂಗೆ?" ಟೀಚರ್ ಕೇಳಿದರು.

"ಗೊತ್ತು ಟೀಚರ್. ಕರೀಲಾ?"

ವೈಮೋಆನಾ ಬಟ್ಟೆ ಹಿಡಿದು ಹಲಗೆಯತ್ತ ತಿರುಗಿದರು. ಹಾಪಾಯ್ ಹುಡುಗನ ಸಾಲುಗಳನ್ನು ಒರೆಸಿದರು. ಕಲೊಲೈನೆಯ ಸಾಲುಗಳವರೆಗೆ ಹೋದ ಕೈ ಅಲ್ಲೇ ನಿಂತಿತು. ಅವನ್ನು ಹಾಗೇ ಬಿಟ್ಟು, ಹಲಗೆಯ ಖಾಲಿಯಾದ ಅರ್ಧದ ಮುಂದೆ ಬಂದು, ಹೊಸ ಸೀಮೆಸುಣ್ಣ ತೆಗೆದುಕೊಂಡು, "ಕರೆಯಮ್ಮ ಅವಳನ್ನ," ಎಂದರು.