ಆರತಿಯ ಕೋಟಿನಲ್ಲಿದ್ದ ಚೀಟಿ

ಉಮಾಕಾಂತರು ಸೊಸೆಯ ಕೋಟಿನ ಜೇಬಿಗೆ ಕೈ ಹಾಕಿದಾಗ ಸಿಕ್ಕಿದ್ದು ಒಂದು ಚೀಟಿ. ಜೇಬು ತಡಕುವುದು ತಪ್ಪೆಂದು ಅವರಿಗೆ ಯಾವತ್ತೂ ಅನಿಸಿದ್ದಿಲ್ಲ. ಮನೆಯ ಯಜಮಾನ ಎಂದ ಮೇಲೆ ನಾಲ್ಕೂ ಕಡೆ ಕಣ್ಣಿರಬೇಕಲ್ಲ!

ಚೀಟಿಯಲ್ಲಿ ಸೋಲ್ನಾ ಪಟ್ಟಣದ ಒಬ್ಬ ವಕೀಲೆಯ ವಿಳಾಸ. ಮಂಗಳವಾರ, ಹತ್ತು ಗಂಟೆ. ಕೆಳಗೆ ಕ್ವಿನ್ನೋಶೂರ್‌ನ ಫೋನ್ ನಂಬರು. ಗಂಡನ ಕಾಟ ತಾಳಲಾರದ ಹೆಂಗಸರಿಗೆ ಆಶ್ರಯ ಕೊಡುವ ಜಾಗ ಅದು. ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ದುಡಿದು ನಿವೃತ್ತರಾದ ಎಂಜಿನಿಯರಿಗೆ ಅಷ್ಟು ಸ್ವೀಡಿಷ್ ಗೊತ್ತಿತ್ತು.

ಪಿತ್ತ ನೆತ್ತಿಗೇರಿತು. ಮದುವೆಯಾಗಿ ಇನ್ನೂ ಎರಡು ವರ್ಷವಾಗಿಲ್ಲ, ಆರತಿ ಆಗಲೇ ಮಗನ ಸಂಸಾರಕ್ಕೆ ಕೊಳ್ಳಿ ಇಡಲು ಹೊರಟಿದ್ದಾಳೆ! ಚೀಟಿಯನ್ನು ಇದ್ದಲ್ಲೇ ಇಟ್ಟು, ಭಾನುವಾರದ ಊಟ ಮುಗಿಸಿ ಮಗ ಸೊಸೆ ಹೊರಡುವ ತನಕ ಹಲ್ಲು ಕಚ್ಚಿಕೊಂಡು ಕೂತರು.

ಆಮೇಲೆ ಅಡುಗೆಮನೆಗೆ ನುಗ್ಗಿದರು. ಹೆಂಡತಿ ವೇದವತಿ ಒಂದೇ ಕೈಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಇನ್ನೊಂದು ಕೈಯ ಮಣಿಕಟ್ಟಿಗೆ ಬ್ಯಾಂಡೇಜು. ಇವಳು ಮೊದಲಿಂದಲೂ ಹೀಗೇ, ಎಲ್ಲೋ ಎಡವಿ ಏನೋ ಮಾಡಿಕೊಳ್ಳುತ್ತಾಳೆ ಎಂದು ಉಮಾಕಾಂತರು ಬಂದವರಿಗೆಲ್ಲ ಹೇಳಿ ನಗುವುದಿತ್ತು.

“ಆರತಿ ನಿನ್ನ ಹತ್ರ ಏನಾದ್ರೂ ಹೇಳಿದ್ಲಾ? ಗಂಡನ್ನ ಬಿಡೋ ಮಾತು?”

ವೇದವತಿ ನಲ್ಲಿ ನಿಲ್ಲಿಸಿದರು. “ಅಂಥ ತೀರ್ಮಾನ ಯಾವ ಹೆಂಗಸೂ ಒಂದೇ ದಿನದಲ್ಲಿ ಮಾಡಲ್ಲ ರೀ.”

“ನನ್ನ ಮಗ ಹೆಂಡ್ತಿ ಮೇಲೆ ಕೈ ಎತ್ತೋನಲ್ಲ!”

“ಸ್ಕಂದ ಎತ್ತಲ್ಲ,” ಎಂದರು ವೇದವತಿ.

ಮಂಗಳವಾರ ಕ್ಷೌರಕ್ಕೆಂದು ಹೇಳಿ ಉಮಾಕಾಂತರು ರೈಲು ಹತ್ತಿದರು. ಮೊದಲು ಮಗನ ಆಫೀಸು. ಅವನನ್ನೂ ಕರೆದುಕೊಂಡು ಹೋಗಿ, ವಕೀಲೆಯ ಎದುರಿಗೇ ಆರತಿಯ ನೀರಿಳಿಸಬೇಕೆಂದಿತ್ತು. ಅಲ್ಲಿದ್ದವರು, ಸ್ಕಂದ ಇವತ್ತು ರಜೆ ಎಂದರು. ವಿಷಯ ತಿಳಿದು ಎಲ್ಲೋ ಒಬ್ಬನೇ ಅಳುತ್ತ ಕೂತಿರಬೇಕು, ಪಾಪ!

ವಕೀಲೆಯ ಆಫೀಸು ಮುಟ್ಟುವಾಗ ಹನ್ನೊಂದಾಗುತ್ತ ಬಂದಿತ್ತು. ಹೊರಕೋಣೆಯಲ್ಲಿ ಆರತಿ ಕೂತಿದ್ದಳು. ಕಾಲ ಬಳಿ ಒಂದು ಸೂಟ್‌ಕೇಸು. ಒಳಬಾಗಿಲಿಗೆ ಅಡ್ಡವಾಗಿ ನಿಂತಿದ್ದವನು ಸ್ಕಂದ.

“ಅಪ್ಪ, ಒಳಗೆ ಹೋಗೋ ಹಾಗಿಲ್ಲ.”

“ನಾಚಿಕೆ ಆಗಲ್ವೇನೋ? ಹೆಂಡ್ತಿ ಬಿಟ್ಟು ಹೋಗ್ತಿದ್ದಾಳೆ, ನೀನು ಬಾಗಿಲು ಕಾಯ್ತಾ ನಿಂತಿದ್ದೀಯಾ!”

ಸ್ಕಂದ ಕದಲಲಿಲ್ಲ. ಆರತಿ ತಲೆ ತಗ್ಗಿಸಲೂ ಇಲ್ಲ. ಅಷ್ಟರಲ್ಲಿ ಅವನ ಹಿಂದಿನ ಬಾಗಿಲು ತೆರೆಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಉಮಾಕಾಂತರು ಒಮ್ಮೆಯೂ ಕೇಳಿರದ ಗಟ್ಟಿ ದನಿಯಲ್ಲಿ ವೇದವತಿ ಹೇಳಿದರು:

“ಬಿಟ್ಟು ಹೋಗ್ತಿರೋದು ಅವನ ಹೆಂಡ್ತಿ ಅಲ್ಲ ರೀ, ನಿಮ್ಮ ಹೆಂಡ್ತಿ. ಇವತ್ತಿಂದ ನಾನೆಲ್ಲಿರ್ತೀನಿ ಅಂತ ಈ ದೇಶದಲ್ಲಿ ಯಾರೂ ನಿಮಗೆ ಹೇಳಲ್ಲ.”