ನಂಜು ಗೆದ್ದ ಬಂಡೆಮ್ಮ

"ಬಂಡೆಮ್ಮನ ಮನಿ ಇದೇ ಏನ್ರೀ?"

ಕಮಲಾಪುರದ ಓಣಿಯಲ್ಲಿ ಕಾರಿನಿಂದಿಳಿದ ಡಾಕ್ಟರ್ ಗೌತಮ ಕೇಳಿದ. ಬಾಗಿಲಲ್ಲಿದ್ದವನು ಬಂಡೆಮ್ಮನ ಗಂಡ ಮಾಪಣ್ಣ. ಆಸ್ಪತ್ರೆಯಲ್ಲಿ ಕಂಡ ಮುಖವೆಂದು ಗುರುತಿಸಿದ್ದೇ ತಲೆ ತಗ್ಗಿಸಿದ. ಸಂಕೋಚದ ಮನುಷ್ಯ ಎಂದುಕೊಂಡ ಗೌತಮ, ಕಂಕುಳಲ್ಲಿದ್ದ ಶಾಲು ಸರಿಮಾಡಿಕೊಂಡ.

ನಾಳೆ ಕಲಬುರಗಿಯಲ್ಲಿ ವೈದ್ಯರ ಸಮ್ಮೇಳನ. ರಕ್ತಕ್ಕೆ ನಂಜೇರಿ ಐಸಿಯು ಸೇರಿದವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಬದುಕುತ್ತಾರೆಂದು ಅವನು ಅಲ್ಲಿ ಸಾರಲಿದ್ದ. ರೋಗಿಗಳ ಬಳಿ ನಿಲ್ಲುವುದಕ್ಕಿಂತ ಅವರ ಅಂಕಿಗಳ ಬಳಿ ಕೂರುವುದೇ ಅವನಿಗಿಷ್ಟ. ಲೆಕ್ಕ ಸರಳ: ಐಸಿಯುವಿನಲ್ಲೇ ಉಸಿರು ನಿಂತವರು ಒಂದು ಕಡೆ, ಮನೆಗೆ ಹೋದವರು ಇನ್ನೊಂದು ಕಡೆ. ಅಲ್ಲಿ ಗಂಡಸರ ದಂಡು, ಇಲ್ಲಿ ಹೆಂಗಸರದು. ಸಹೋದ್ಯೋಗಿ ತ್ರಿವೇಣಿ ಮಾತ್ರ ನಕ್ಕಿದ್ದಳು: "ಅಂಕಿ ಸಾಕಪಾ. ಬದುಕಿದಾಕಿ ಒಬ್ಬಾಕಿನ್ನ ವೇದಿಕಿ ಮ್ಯಾಲ ತಂದು ನಿಲ್ಲಸು, ನಂಬ್ತೀನಿ." ಮನೆಗೆ ಹೋದವರ ಪಟ್ಟಿಯಿಂದ ಅವನು ಆರಿಸಿದ ಹೆಸರು ಬಂಡೆಮ್ಮ.

ಮಾಪಣ್ಣನ ಮಗಳು ಕಾವೇರಿ ಜಮಖಾನ ಹಾಸಿದಳು.

"ನಾಳಿ ಬಂಡೆಮ್ಮಗ ಸನ್ಮಾನ ಅದ," ಎಂದ ಗೌತಮ. "ಕಾರು ನಾನೇ ಕಳಸ್ತೀನಿ."

ಕಾವೇರಿ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದ.

"ಸನ್ಮಾನ ಯಾಕ್ರೀ ಸಾಹೇಬ್ರ? ಮೊದಲ ನನ್ನದೊಂದು ಮಾತು ಕೇಳ್ರಿ..." ಎಂದ ಮಾಪಣ್ಣ.

"ಯಾಕಂದ್ರ ಏನು? ಹೆಣ್ಮಕ್ಕಳ ಜೀವ ಎಷ್ಟು ಗಟ್ಟಿ ಅಂತ ಮಂದಿಗಿ ತಿಳೀಬೇಕು!"

ಮಾಪಣ್ಣ ಗಂಟಲು ಸರಿಮಾಡಿಕೊಂಡ. "ನನ್ನ ತಮ್ಮಗೂ ಇದೇ ನಂಜಾಗಿತ್ರೀ. ಏನರ ಆಗಲಿ ಅಂತ ಕೊನೀತನಕ ನಿಮ್ಮಲ್ಲೇ ಇಟ್ಟೆವು. ಅಲ್ಲೇ ಹ್ವಾದ."

"ನೋಡ್ರಿ ಮತ್ತ! ಗಂಡಸಿನ ಜೀವ ಅಷ್ಟ!" ಗೌತಮನಿಗೆ ಭಾಷಣಕ್ಕೊಂದು ಉದಾಹರಣೆ ಸಿಕ್ಕಿತು. "ಕರೀರಿ ಬಂಡೆಮ್ಮನ್ನ."

ಮಾಪಣ್ಣ ಇದ್ದಲ್ಲೇ ಕುಳಿತ. ಕಾವೇರಿ ಮುಖ ತಿರುಗಿಸಿ ಒಳಗೆ ಹೋದಳು. ಆಮೇಲಷ್ಟೇ ಮಾಪಣ್ಣ ಬಾಯಿ ಬಿಟ್ಟ.

"ಇಕಿಗಿ ಹಂಗ ಮಾಡಲಿಲ್ರೀ. ಉಸಿರಿನ ಮಿಷಿನ್ ಮ್ಯಾಲಿದ್ಲು. ಹೆಣ್ಣುಮಗಳು, ಎಷ್ಟಂತ ಇಡ್ತಿ, ಮನ್ಯಾಗ ಸಾಯಲಿ ಅಂದ್ರು ಹಿರ್ಯಾರು. ನಾ ಹೂಂ ಅಂದೆ. ಹೆಂಗಸರನ್ನ ನಮ್ಮ ಕಡಿ ಎಲ್ಲಾರೂ ಹಂಗೇ ಮನಿಗಿ ತರ್ತಾರ್ರೀ."

ಮನೆಗೆ ಹೋದ ಹೆಂಗಸರ ದಂಡು ನೆನಪಾಗಿ ಗೌತಮನ ಕಿವಿ ಬಿಸಿಯಾದವು. ಕೇಳಬಾರದೆಂದು ಗೊತ್ತಿದ್ದೂ ಕೇಳಿದ: "ಆಮ್ಯಾಲ?"

"ಗಾಡಿ ಊರು ಮುಟ್ಟೋದ್ರಾಗೇ ತಣ್ಣಗಾಗಿದ್ಲ್ರೀ."